ಪೆಟ್ಟಿಗೆಯವ್ವನ ಒಪ್ಪಿಗೆ

ಗಂಗೋತ್ರಿ ನನ್ನ ಕಚೇರಿಗೆ ಬಂದವಳು ನಮಸ್ಕಾರವನ್ನೂ ಹೇಳದೆ ಮೊದಲು ಆಡಿದ ಮಾತು, ಅವಳ ತಾಯಿ ಐದು ತಿಂಗಳಿನಿಂದ ಅವಳನ್ನು ಒಮ್ಮೆಯೂ ಬೈದಿಲ್ಲ ಎಂಬುದು.

ಉಚಿತ ಕಾನೂನು ನೆರವಿನ ವಕೀಲೆಯಾಗಿ ದಾವಣಗೆರೆಯಲ್ಲಿ ಕೂದಲು ನರೆಸಿಕೊಂಡವಳು ನಾನು. ಗಂಡ ಹೊಡೆದ, ಅತ್ತೆ ಬೈದಳು, ಮಗ ಅನ್ನ ಹಾಕಲಿಲ್ಲ ಎಂಬ ದೂರುಗಳನ್ನು ಕೇಳಿ ಕೇಳಿ ಕಿವಿ ತೂತಾಗಿದೆ. ಅವ್ವ ಬೈಯುತ್ತಿಲ್ಲ ಎಂದು ಅಳುವವಳನ್ನು ಅದೇ ಮೊದಲು ನೋಡಿದ್ದು. ಇವಳಿಗೇ ತಲೆ ಸರಿ ಇಲ್ಲವೇನೋ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನಮಗೆಲ್ಲ ಎಷ್ಟು ಸಲೀಸು ನೋಡಿ.

ಅವಳ ತಾಯಿ ಹಾಲಮ್ಮ. ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ, ಗಂಡ ಸತ್ತ ಮೇಲೂ ಒಲೆ ಆರಿಸದೆ ಭಟ್ಟಿ ನಡೆಸಿದ ಹೆಂಗಸು. ಕಾದ ಮರಳಿನಲ್ಲಿ ಅಕ್ಕಿ ಹುರಿಯುವ ಆಳು ಒಂದು ಗಳಿಗೆ ಮೈಮರೆತರೆ ಅವಳ ಬೈಗುಳ ಬೀದಿಯ ಆ ತುದಿಗೆ ಕೇಳುತ್ತಿತ್ತಂತೆ. ಕಳೆದ ಬೇಸಿಗೆಯಲ್ಲಿ ಅವಳಿಗೆ ಟೈಫಾಯಿಡ್ ಬಂತು. ಜ್ವರ ತಲೆಗೇರಿ ಏನೇನೋ ಬಡಬಡಿಸಿದಳು, ಸತ್ತ ಗಂಡನನ್ನು ಊಟಕ್ಕೆ ಕರೆದಳು. ಹೆದರಿದ ಅಳಿಯ ಅವಳನ್ನು ಊರಾಚೆಯ ಒಂದು ಖಾಸಗಿ ಮಾನಸಿಕ ಆಸ್ಪತ್ರೆಗೆ ಸೇರಿಸಿದ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ಮೊಕದ್ದಮೆ ಇನ್ನೂ ನಡೆಯುತ್ತಿದೆ. ಜ್ವರ ಕೆಲವೇ ದಿನದಲ್ಲಿ ಇಳಿಯಿತು. ಹಾಲಮ್ಮ ಮಾತ್ರ ಮನೆಗೆ ಬರಲಿಲ್ಲ. ಹೋಗಿ ಕೇಳಿದಾಗಲೆಲ್ಲ ಆಸ್ಪತ್ರೆಯವರು ಒಂದೇ ಉತ್ತರ ಕೊಟ್ಟರು: ಇಲ್ಲಿರಲು ನಿಮ್ಮ ತಾಯಿಯೇ ಒಪ್ಪಿದ್ದಾರೆ, ಬೇಕಾದರೆ ಅವರನ್ನೇ ಕೇಳಿ.

ಆದರೆ ಅವರು ಕೇಳಲು ಬಿಡುತ್ತಿದ್ದದ್ದು ಹಾಲಮ್ಮನನ್ನಲ್ಲ, ಅವಳ ಪ್ರತಿಮನವನ್ನು.

ಪ್ರತಿಮನದ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಕಾಲದಲ್ಲಿ ಸಿಟ್ಟಿಗೋ ಆಸ್ತಿಗೋ ಹೆಂಡತಿಯನ್ನು, ಅಣ್ಣನನ್ನು ಹುಚ್ಚರೆಂದು ಬರೆಸಿ ಕೂಡಿಹಾಕುವ ಬಂಧುಗಳಿದ್ದರು. ಅದನ್ನು ತಪ್ಪಿಸಲೆಂದು ಬಂದ ಯಂತ್ರ ಇದು. ಪ್ರತಿಯೊಬ್ಬರೂ ಆರೋಗ್ಯವಾಗಿರುವಾಗಲೇ ವಾರ್ಡಿನ ಸೇವಾ ಕೇಂದ್ರಕ್ಕೆ ಹೋಗಿ ಒಂದು ಮಧ್ಯಾಹ್ನ ಕೂರಬೇಕು. ಎದುರಿಗೆ ಒಬ್ಬ ಅಧಿಕಾರಿ, ಒಬ್ಬ ವೈದ್ಯ. ಅವರು ಪ್ರಶ್ನೆ ಕೇಳುತ್ತಾರೆ, ನೀವು ಉತ್ತರ ಹೇಳುತ್ತೀರಿ. ಯಂತ್ರ ಉತ್ತರವನ್ನಷ್ಟೇ ಅಲ್ಲ, ದನಿಯ ಏರಿಳಿತ, ಮಾತಿಗೆ ಮುಂಚಿನ ತಡವರಿಕೆ, ಕಣ್ಣಿನ ಚಲನೆ, ನಾಡಿಯ ಬಡಿತ ಎಲ್ಲವನ್ನೂ ಹಿಡಿದು, ನೀವು ಒಂದು ತೀರ್ಮಾನಕ್ಕೆ ಹೇಗೆ ಬರುತ್ತೀರಿ ಎಂಬುದರ ನಕಲನ್ನು ಕಟ್ಟುತ್ತದೆ. ಮುಂದೆಂದಾದರೂ ನಿಮ್ಮ ಬುದ್ಧಿ ಸ್ತಿಮಿತದಲ್ಲಿಲ್ಲ ಎಂದು ವೈದ್ಯರು ಬರೆದರೆ ನಿಮ್ಮ ಪರವಾಗಿ ಮಾತಾಡುವುದು ಆ ನಕಲು. ಗಂಡನೂ ಅಲ್ಲ, ಮಗನೂ ಅಲ್ಲ, ಸ್ವತಃ ನೀವೇ. ಕಾಯ್ದೆಯ ಪ್ರಕಾರ ಅದು ನಿಮ್ಮ ಸ್ವಸ್ಥ ಮನಸ್ಸು. ಮಂಚದ ಮೇಲೆ ಬೇಡ ಎಂದು ಕೂಗುತ್ತಿರುವುದು ನಿಮ್ಮ ಕಾಯಿಲೆ.

ಮೊದಮೊದಲು ಹೆದರಿದ ಜನ ಆಮೇಲೆ ಹೊಂದಿಕೊಂಡರು. ನಮ್ಮೂರಲ್ಲಿ ಅದಕ್ಕೆ ಪೆಟ್ಟಿಗೆಯವ್ವ, ಪೆಟ್ಟಿಗೆಯಪ್ಪ ಎಂದು ಹೆಸರಿಟ್ಟರು. ರೋಗಿಯನ್ನು ನೋಡಲು ಬಂದರೆ ಅವರ ಮನಸ್ಸು ಕದಡುತ್ತದೆ ಎಂದು ಆಸ್ಪತ್ರೆಗಳು ಹೇಳಿದ್ದರಿಂದ, ಸಂಜೆ ಹೊತ್ತು ಫೋನಿನಲ್ಲಿ ಪೆಟ್ಟಿಗೆಯವ್ವನ ಜೊತೆ ಮಾತಾಡಿ ಸಮಾಧಾನ ಪಟ್ಟುಕೊಳ್ಳುವುದು ಮನೆಮನೆಯ ರೂಢಿಯಾಯಿತು. ಗಂಗೋತ್ರಿಯೂ ಅದನ್ನೇ ಮಾಡುತ್ತಿದ್ದಳು.

“ಭಟ್ಟಿ ಒಲಿ ಎರಡು ದಿನ ಆರಿಸಿದ್ವಿ ಅಂದೆ ಮೇಡಂ. ಆಗ್ಲಿ ಬಿಡ್ರಿ ಅಂದ್ಲು. ಹೆತ್ತ ಮಗಳಿಗೆ ಬಿಡ್ರಿ ಅಂತಾಳೆ. ನಮ್ಮವ್ವ ಆಗಿದ್ರೆ ಫೋನಿನಾಗೇ ನನ್ ಜುಟ್ಟು ಹಿಡೀತಿದ್ಲು. ಅದು ನಮ್ಮವ್ವ ಅಲ್ರಿ.”

ಅವಳು ಓಡೋಡಿ ಬಂದದ್ದಕ್ಕೆ ಇನ್ನೊಂದು ಕಾರಣವಿತ್ತು. ಹಾಲಮ್ಮ ವಾರ್ಡಿನಲ್ಲಿ ವಿಪರೀತ ಹಟ ಮಾಡುತ್ತಾಳಂತೆ, ಔಷಧಕ್ಕೆ ಬಗ್ಗುತ್ತಿಲ್ಲವಂತೆ, ಅದಕ್ಕೆ ಮುಂದಿನ ತಿಂಗಳು ತಲೆಬುರುಡೆ ಕೊರೆದು ಮಿದುಳಿನಲ್ಲಿ ಸಣ್ಣ ತಂತಿ ಇಡುತ್ತಾರಂತೆ. ತಂತಿ ಇಟ್ಟವರು ಮತ್ತೆ ಹಟ ಮಾಡುವುದಿಲ್ಲ. ಅದಕ್ಕೂ ಪೆಟ್ಟಿಗೆಯವ್ವ ಒಪ್ಪಿಯಾಗಿತ್ತು.

ನಾನು ಗಂಗೋತ್ರಿಗೆ ಕಾನೂನಿನ ದಾರಿಗಳನ್ನು ಬಿಡಿಸಿ ಹೇಳಿದೆ. ತಪ್ಪಾಗಿ ಹಿಡಿದಿಟ್ಟ ರೋಗಿ ಬಿಡುಗಡೆ ಕೋರಿ ಪರಿಶೀಲನಾ ಮಂಡಳಿಗೆ ಅರ್ಜಿ ಕೊಡಬಹುದು, ಅದಕ್ಕೆ ಶುಲ್ಕವಿಲ್ಲ, ವಕೀಲರೂ ಪುಕ್ಕಟೆ. ಕಟ್ಟಿಹಾಕಿದ್ದರೆ, ಹೊಡೆದಿದ್ದರೆ ಪೊಲೀಸರಿಗೆ ದೂರು ಕೊಡಬಹುದು. ಅಕ್ರಮವಾಗಿ ಕೂಡಿಹಾಕಿದವರನ್ನು ತಂದು ಎದುರಿಗೆ ನಿಲ್ಲಿಸಿ ಎಂದು ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ಹೊರಗೆ ಬಂದ ಮೇಲೆ ಪರಿಹಾರ ಕೇಳಬಹುದು. ಅವಳ ಮುಖ ಅರಳಿತು. ಇಷ್ಟೊಂದು ಬಾಗಿಲುಗಳಿವೆ ಎಂದು ಅವಳಿಗೆ ಗೊತ್ತಿರಲಿಲ್ಲ. ಎಲ್ಲ ಬಾಗಿಲಿಗೂ ಒಂದೇ ಬೀಗ ಹಾಕಿದ್ದಾರೆ ಎಂದು ನನಗೂ ಗೊತ್ತಿರಲಿಲ್ಲ. ಮರುದಿನ ನನ್ನ ವಕಾಲತ್ತಿಗೆ ಹಾಲಮ್ಮನ ಪ್ರತಿಮನದ ಒಪ್ಪಿಗೆ ತರಲು ಹೋದಾಗ ಗೊತ್ತಾಯಿತು.

ಪ್ರತಿಮನ ಕೇಂದ್ರ ಇದ್ದದ್ದು ಹಳೆಯ ಗೋದಾಮೊಂದರ ನೆಲಮಾಳಿಗೆಯಲ್ಲಿ. ಚಪ್ಪಲಿ ಬಿಟ್ಟು ಒಳಗೆ ಹೋದರೆ ಕಾಲು ಮರಗಟ್ಟುವ ತಂಪು. ಗಾಜಿನಾಚೆ ಯಂತ್ರಗಳ ಸಾಲು ಗುಂಯ್‌ಗುಟ್ಟುತ್ತಿತ್ತು. ಅಲ್ಲಿನ ಎಂಜಿನಿಯರ್ ಇಮ್ತಿಯಾಜ್ ನನ್ನನ್ನು ಒಂದು ಪರದೆಯ ಮುಂದೆ ಕೂರಿಸಿದ. ಹಾಲಮ್ಮನ ಮುಖ ಮೂಡಿತು. ತಲೆಯ ಮೇಲೆ ಸೆರಗು, ಹಣೆಯ ಮೇಲೆ ವಿಭೂತಿ, ತಗ್ಗಿಸಿದ ಕಣ್ಣು. ನಾನು ವಕೀಲೆ, ನಿಮ್ಮ ಪರವಾಗಿ ಬಿಡುಗಡೆಗೆ ಅರ್ಜಿ ಹಾಕಲೇ ಎಂದು ಕೇಳಿದೆ.

“ತಿಳಿದೋರು ನೀವು. ನಿಮಗ ಹೆಂಗ್ ಸರಿ ಕಾಣ್ತೈತೋ ಹಂಗ ಮಾಡ್ರಿ.”

ಒಪ್ಪಿಗೆ ದಾಖಲಾಯಿತು. ಇಷ್ಟು ಸುಲಭವೇ ಎಂದು ಹಿಗ್ಗಿ ಹೊರಗೆ ಬಂದು ಚಹಾ ಕುಡಿಯುವುದರೊಳಗೆ ಫೋನಿಗೆ ಸೂಚನೆ ಬಂತು. ಆಸ್ಪತ್ರೆಯ ವಕೀಲ ಮುರಿಗೇಂದ್ರ ಅದೇ ಪೆಟ್ಟಿಗೆಯವ್ವನನ್ನು ಮಾತಾಡಿಸಿದ್ದರು. ಈ ಅರ್ಜಿಗಿರ್ಜಿ ಎಲ್ಲ ಯಾಕಮ್ಮ, ವಾಪಸು ತೆಗೆದುಕೊಳ್ಳೋಣವೇ ಎಂದಿದ್ದರು. ಅದು ತಿಳಿದೋರು ನೀವು ಎಂದಿತ್ತು. ನನ್ನ ವಕಾಲತ್ತು ರದ್ದಾಗಿತ್ತು. ಚಹಾ ಅಲ್ಲೇ ಬಿಟ್ಟು ಓಡಿದೆ, ಮತ್ತೆ ಕೇಳಿದೆ, ಮತ್ತೆ ಒಪ್ಪಿಗೆ ಬಂತು. ಸಂಜೆಗೆ ಮತ್ತೆ ರದ್ದು. ಪೊಲೀಸ್ ಠಾಣೆಗೆ ದೂರು ಒಯ್ದರೆ ಇನ್‌ಸ್ಪೆಕ್ಟರು ನಿಯಮದ ಪ್ರಕಾರ ಪೆಟ್ಟಿಗೆಯವ್ವನಿಗೆ ಫೋನು ಮಾಡಿದರು. “ಅಯ್ಯ ಸಾಹೇಬ್ರ, ದೊಡ್ಡೋರ್ ಮ್ಯಾಲೆ ದೂರು ಹೇಳಾಕ ಆಗ್ತೈತೇನ್ರಿ” ಎಂದಿತು ಅದು. ಇನ್‌ಸ್ಪೆಕ್ಟರು ನನ್ನ ಮುಖ ನೋಡಿದರು. ಇನ್ನು ಹೈಕೋರ್ಟಿಗೆ ಹೋದರೂ ಆಸ್ಪತ್ರೆಯವರು ಇದೇ ದನಿಯನ್ನು ಕೇಳಿಸುವವರು. ಒಪ್ಪಿ ಇದ್ದವರನ್ನು ಬಿಡಿಸಿ ಎಂದು ಯಾವ ಕೋರ್ಟಿನಲ್ಲಿ ವಾದಿಸುವುದು?

ಇದು ಯಾಕೆ ಹೀಗಾಡುತ್ತದೆ ಎಂಬುದು ನನಗೆ ಹೊಳೆದದ್ದು ಯಂತ್ರದ ಮುಂದೆ ಅಲ್ಲ, ಹಾಲಮ್ಮನ ಭಟ್ಟಿಯಲ್ಲಿ.

ಅವತ್ತು ಗಂಗೋತ್ರಿ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಮಾಡಿ ನನ್ನನ್ನು ಕೂರಿಸಿಕೊಂಡು ಅವ್ವನ ವಿಷಯ ಹೇಳುತ್ತಿದ್ದಳು. ಒಲೆಯ ಝಳ, ಗೋಡೆಗೆಲ್ಲ ಮಸಿ, ಮರಳು ಜರಡಿ ಹಿಡಿಯುವ ಸದ್ದು. ಅಷ್ಟರಲ್ಲಿ ಪಾಲಿಕೆಯ ಆರೋಗ್ಯ ನಿರೀಕ್ಷಕರು ಬಂದರು. ಹೊಗೆ ಕೊಳವೆ ಇನ್ನೂ ಎತ್ತರಿಸಬೇಕು, ಆಳುಗಳಿಗೆ ಮೂಗುಬಟ್ಟೆ ಕೊಡಬೇಕು, ಇನ್ನು ಮುಂದೆ ಹಳೆಯ ಟೈರು ಒಲೆಗೆ ಹಾಕಕೂಡದು ಎಂದು ಗದರಿದರು. ಗಂಗೋತ್ರಿ ಸೆರಗು ತಲೆಗೆಳೆದುಕೊಂಡು ನಿಂತಳು. ಆತ್ರಿ ಸಾಹೇಬ್ರ, ನಾಳೇನೇ ಮಾಡಸ್ತೀವ್ರಿ, ತಿಳಿದೋರು ನೀವು ಹೇಳಿದ ಮ್ಯಾಲೆ ಮುಗೀತ್ರಿ ಎಂದಳು. ಅವಳ ಗಂಡನೂ ಅಂದ. ಒಲೆಯ ಮುಂದಿನ ಆಳೂ ತಲೆಯಾಡಿಸಿದ. ನಿರೀಕ್ಷಕರು ಸಂತೋಷದಿಂದ ಹೋದರು. ಅವರ ಗಾಡಿಯ ಸದ್ದು ಅಡಗುವ ಮೊದಲೇ ಆಳು ಇನ್ನೊಂದು ಟೈರಿನ ತುಂಡನ್ನು ಒಲೆಗೆ ದೂಡಿದ. ಗಂಗೋತ್ರಿ ಮತ್ತೆ ಕೂತು ಬಿಟ್ಟ ಮಾತನ್ನು ಮುಂದುವರಿಸಿದಳು.

ನನ್ನ ಕೈಯ ಬಜ್ಜಿ ಕೈಯಲ್ಲೇ ಉಳಿಯಿತು.

ನಾವು ಹೀಗೇ ತಾನೆ? ಮದುವೆಗೆ ಕರೆದವರಿಗೆ ಬರುವುದಿಲ್ಲ ಎನ್ನುವುದಿಲ್ಲ, ಬರ್ತೀವಿ ಎಂದು ಮನೆಯಲ್ಲಿ ಉಳಿಯುತ್ತೇವೆ. ಡಾಕ್ಟರು ಬೀಡಿ ಬಿಡು ಎಂದರೆ ಬಿಟ್ಟೆ ಎಂದು ಆಸ್ಪತ್ರೆಯ ಗೇಟಿನಲ್ಲೇ ಕಡ್ಡಿ ಗೀರುತ್ತೇವೆ. ಕುರ್ಚಿಯ ಮೇಲೆ ಕೂತವರ ಮುಖಕ್ಕೆ ಹೊಡೆದ ಹಾಗೆ ಇಲ್ಲ ಎನ್ನುವುದು ಮರ್ಯಾದೆಯಲ್ಲ. ಅಲ್ಲಿ ಹೂಂ ಅಂದು ಮನೆಗೆ ಬಂದು ತನಗೆ ಬೇಕಾದ್ದು ಮಾಡಿಕೊಳ್ಳುವುದು ಈ ಜನ ತಲೆತಲಾಂತರದಿಂದ ಬದುಕಿಕೊಂಡು ಬಂದ ರೀತಿ. ಯಂತ್ರ ಕಚೇರಿಯಲ್ಲಿ ಕೂತು ಹೂಂ ಅಂದದ್ದನ್ನು ಕೇಳಿಸಿಕೊಂಡಿತ್ತು. ಮನೆಗೆ ಬಂದ ಮೇಲಿನದನ್ನು ಅದು ನೋಡಿರಲೇ ಇಲ್ಲ.

ಮರುದಿನ ಇಮ್ತಿಯಾಜನಿಗೆ ದುಂಬಾಲು ಬಿದ್ದು, ಪ್ರತಿಮನ ಕಟ್ಟಿದ ದಿನದ ಮೂಲ ಚಿತ್ರವನ್ನು ಹಾಕಿಸಿದೆ. ಜೀವಂತ ಹಾಲಮ್ಮ ಸೇವಾ ಕೇಂದ್ರದ ಕುರ್ಚಿಯಲ್ಲಿ ಕೂತಿದ್ದಳು. ಕಾಯಿಲೆ ಹೆಚ್ಚಾದರೆ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬಹುದೇ ಎಂದು ಅಧಿಕಾರಿ ಕೇಳಿದ. ತಿಳಿದೋರು ನೀವು. ಕೈಕಾಲು ಕಟ್ಟಬೇಕಾಗಿ ಬಂದರೆ? ನಿಮಗ ಹೆಂಗ್ ಸರಿ ಕಾಣ್ತೈತೋ ಹಂಗ. ಶಸ್ತ್ರಚಿಕಿತ್ಸೆ? ಅಲ್ಲೂ ಅದೇ. ಮೂಲೆಯಲ್ಲಿ ಅವಳ ನಾಡಿಯ ಗೆರೆ ಓಡುತ್ತಿತ್ತು. ಒಂದು ಏರಿಲ್ಲ, ತಗ್ಗಿಲ್ಲ.

ನಾಡಿ ಏರದಿದ್ದರೆ, ಉತ್ತರ ತಡವಾಗದಿದ್ದರೆ ಯಂತ್ರ ಅದನ್ನು ಮನಃಪೂರ್ವಕ ಒಪ್ಪಿಗೆ ಎಂದು ಬರೆದುಕೊಳ್ಳುತ್ತದೆ ಎಂದು ಇಮ್ತಿಯಾಜ್ ವಿವರಿಸಿದ. ಬೇಗ ಮುಗಿಸಿ ಮನೆಗೆ ಹೋಗಿ ಒಲೆ ಹಚ್ಚುವ ಯೋಚನೆಯಲ್ಲಿದ್ದವಳ ನಾಡಿ ಯಾಕೆ ಏರುತ್ತದೆ ಎಂದು ನಾನು ರೇಗಿದೆ. ಅವನು ಬೇರೆ ನಾಲ್ಕಾರು ಮುಖಗಳನ್ನು ಪರದೆಗೆ ತಂದ. ಗೌಂಡಿ, ಹೂವಿನವಳು, ಬಸ್ ಕಂಡಕ್ಟರ್. ಎಲ್ಲರೂ ತಲೆ ತಗ್ಗಿಸಿ ಆಯ್ತು ಸರ್ ಎನ್ನುತ್ತಿದ್ದರು. ಕೊನೆಗೆ ತನ್ನದೇ ಮುಖ ತಂದ. ಅವತ್ತು ನನ್ನ ಎದುರಿಗೆ ಅಧಿಕಾರಿಯಾಗಿ ಕೂತಿದ್ದವರು ನಮ್ಮ ನಿರ್ದೇಶಕರೇ ಮೇಡಂ, ಇನ್ನೇನು ಹೇಳಲಿ ಎಂದ. ಒಬ್ಬರು ಸತ್ತರೆ ಅವರ ಪ್ರತಿಮನ ಏನಾಗುತ್ತದೆ ಎಂದು ಯಾಕೋ ಕೇಳಿದೆ. ಆಸ್ಪತ್ರೆಯಿಂದ ಮರಣದ ವರದಿ ಬಂದ ದಿನ ಮುಚ್ಚುತ್ತೇವೆ, ಬರುವ ತನಕ ನಡೆಯುತ್ತಿರುತ್ತದೆ ಎಂದ. ಆಗ ಅದರ ಮೇಲೆ ನನ್ನ ಗಮನ ಹೋಗಲಿಲ್ಲ.

ನನ್ನ ವಕಾಲತ್ತು ಬೆಳಿಗ್ಗೆ ಹುಟ್ಟಿ ಸಂಜೆ ಸಾಯುತ್ತಿದ್ದ ಸೋಜಿಗ ಪರಿಶೀಲನಾ ಮಂಡಳಿಯ ಅಧ್ಯಕ್ಷರ ಕಿವಿಗೆ ಬಿತ್ತು. ಅವರು ನಿವೃತ್ತ ಜಿಲ್ಲಾ ನ್ಯಾಯಾಧೀಶರು, ಚನ್ನವೀರಯ್ಯ ಎಂದು ಹೆಸರು. ಇದೇನು ಆಟ ಎಂದು ಸಿಟ್ಟಾಗಿ, ತಾವಾಗಿಯೇ ವಿಚಾರಣೆ ಎತ್ತಿಕೊಂಡರು. ಪೆಟ್ಟಿಗೆಯನ್ನಷ್ಟೇ ಅಲ್ಲ, ಹೆಂಗಸನ್ನೂ ಕರೆತನ್ನಿ ಎಂದು ಆಜ್ಞೆ ಮಾಡಿದರು. ಶಸ್ತ್ರಚಿಕಿತ್ಸೆಯ ದಿನಕ್ಕೆ ಮುಂಚೆಯೇ ವಿಚಾರಣೆ ನಿಗದಿಯಾಯಿತು.

ಅವತ್ತು ಹಾಲಮ್ಮನನ್ನು ಮೊದಲ ಸಲ ಕಣ್ಣಾರೆ ಕಂಡೆ. ಪರದೆಯ ಮೇಲಿನ ದುಂಡು ಮುಖದ ಹೆಂಗಸು ಇವಳೇ ಎಂದು ನಂಬಲು ಕಷ್ಟವಾಯಿತು. ಆಸ್ಪತ್ರೆಯ ಉದ್ದ ತೋಳಿನ ಅಂಗಿ ತೊಡಿಸಿದ್ದರು. ಅವಳು ಬೇಡಿಕೊಂಡಿದ್ದರಿಂದ ಯಾವುದೋ ಹಳೆಯ ಸೀರೆಯ ತುಂಡೊಂದನ್ನು ಸೆರಗಿನ ಹಾಗೆ ಹೆಗಲಿಗೆ ಹಾಕಿ ಕಳಿಸಿದ್ದರು. ಪಡಸಾಲೆಯಲ್ಲಿ ಅವಳ ಪಕ್ಕ ಕೂತು ಮೆಲ್ಲಗೆ ಹೇಳಿಕೊಟ್ಟ ಪಾಠ ಇಷ್ಟೇ: ಅಧ್ಯಕ್ಷರು ಆಸ್ಪತ್ರೆಯಲ್ಲಿ ಇರ್ತೀರಾ ಎಂದು ಕೇಳುತ್ತಾರೆ, ನೀವು ಬೇಡ ಅಂದರೆ ಸಾಕು, ಇವತ್ತೇ ಮನೆ. ಹಾಲಮ್ಮ ಎರಡು ಸಲ ತಲೆಯಾಡಿಸಿ ಆತ್ರಿ ಮೇಡಂ ಎಂದಳು. ನನಗೆ ಧೈರ್ಯ ಬಂತು. ನಾನೂ ಕರಿಕೋಟು ಹಾಕಿಕೊಂಡು ಕೂತಿದ್ದೇನೆ, ಆ ಆತ್ರಿ ನನ್ನ ಕೋಟಿಗೂ ಹೇಳಿದ್ದು ಎಂಬುದು ಆ ಕ್ಷಣ ತಲೆಗೆ ಹೊಳೆಯಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಎತ್ತರದ ಜಗಲಿಯ ಮೇಲೆ ಮಂಡಳಿಯವರ ಮೂರು ಕುರ್ಚಿ, ಹಿಂದಿನ ಗೋಡೆಗೆ ಎರಡು ಪರದೆ. ಒಂದರಲ್ಲಿ ಪ್ರತಿಮನ ಕಾಣುತ್ತದೆ. ಇನ್ನೊಂದರಲ್ಲಿ ಕೋಣೆಯಲ್ಲಿ ಯಾರು ಏನು ಆಡಿದರೂ ಅಕ್ಷರವಾಗಿ ಮೂಡುತ್ತದೆ, ಗುಮಾಸ್ತರ ಕೆಲಸವನ್ನು ಈಗ ಅದೇ ಮಾಡುತ್ತದೆ. ಇಮ್ತಿಯಾಜ್ ಮೂಲೆಯಲ್ಲಿ ತನ್ನ ಯಂತ್ರದ ಮುಂದೆ ಕೂತಿದ್ದ.

ನಾನು ಪೆಟ್ಟಿಗೆಯವ್ವನನ್ನು ಕೇಳಿದೆ: ಹಾಲಮ್ಮ, ನಿಮ್ಮನ್ನು ಮನೆಗೆ ಕಳಿಸೋಣವೇ? ತಿಳಿದೋರು ನೀವು ಎಂದಿತು. ಆಸ್ಪತ್ರೆಯಲ್ಲೇ ಇಡೋಣವೇ? ತಿಳಿದೋರು ನೀವು. ನಿಮ್ಮ ಭಟ್ಟಿಯನ್ನು ಕೆಡವಿ ರಸ್ತೆ ಮಾಡೋಣವೇ? ಅದಕ್ಕೂ ಅದೇ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಇದು ಒಪ್ಪಿಗೆಯಲ್ಲ, ಮರ್ಯಾದೆ, ಒಂದು ಮಧ್ಯಾಹ್ನದ ಮರ್ಯಾದೆಯನ್ನು ಹಿಡಿದು ಇವಳ ಇಡೀ ಬದುಕಿಗೆ ರುಜು ಹಾಕಿಸಿಕೊಂಡಿದ್ದಾರೆ ಎಂದು ನಾನು ವಾದಿಸಿದೆ. ಚೆನ್ನಾಗಿಯೇ ವಾದಿಸಿದೆ ಎನ್ನಿಸಿತು.

ಮುರಿಗೇಂದ್ರ ಎದ್ದು ಬಹಳ ಸೌಮ್ಯವಾಗಿ, ಅಷ್ಟು ಅನುಮಾನವಿದ್ದರೆ ಅಸಲನ್ನೇ ಕೇಳಿಬಿಡಬಹುದಲ್ಲ ಎಂದರು. ಅಧ್ಯಕ್ಷರು ಹಾಲಮ್ಮನ ಕಡೆ ಬಾಗಿ, ಆಸ್ಪತ್ರೆಯಲ್ಲಿ ಇರುತ್ತೀರೋ ಮನೆಗೆ ಹೋಗುತ್ತೀರೋ, ಹೆದರದೆ ಹೇಳಿ ಎಂದರು.

ಹಾಲಮ್ಮ ತಲೆ ತಗ್ಗಿಸಿದಳು. “ತಿಳಿದೋರು ನೀವು. ನಿಮಗ ಹೆಂಗ್ ಸರಿ ಕಾಣ್ತೈತೋ ಹಂಗ ಮಾಡ್ರಿ.”

ಅದೇ ಮಾತು, ಅದೇ ದನಿ. ಗೋಡೆಯ ಮೇಲೆ ಅಕ್ಷರಗಳು ಮೂಡಿದವು. ಇಷ್ಟು ದಿನದ ಹೋರಾಟವನ್ನು ಇವಳೇ ಕೈಯಾರೆ ಮಣ್ಣುಪಾಲು ಮಾಡಿದಳಲ್ಲ ಎಂದು ಅವಳ ಮೇಲೆಯೇ ಸಿಟ್ಟು ಬಂತು. ನಕಲು ಅಸಲಿಗೆ ಅಕ್ಷರಶಃ ಹೊಂದುತ್ತಿದೆ, ಇದಕ್ಕಿಂತ ಸಾಕ್ಷಿ ಬೇಕೇ ಎಂದು ಮುರಿಗೇಂದ್ರ ಕೂತರು. ಅಧ್ಯಕ್ಷರು ಪಕ್ಕದ ಸದಸ್ಯರ ಮುಖ ನೋಡಿದರು. ಹಾಲಮ್ಮನ ತುಟಿ ಒಣಗಿರುವುದನ್ನು ಕಂಡು, ಮಗಳಾದರೂ ಒಂದು ಲೋಟ ನೀರು ಕೊಡಲಿ ಎಂದರು. ಆಜ್ಞೆ ಬರೆಸುವ ಮೊದಲು ಅವರು ಹೇಳಿದ್ದು ಅಷ್ಟೇ.

ಗಂಗೋತ್ರಿ ನೀರು ಕೊಡಲು ಬಗ್ಗಿದಳು. ಅಳುತ್ತಲೇ, ಯಾಕವ್ವ ಹಿಂಗಂದೆ ಎಂದು ಕಿವಿಯಲ್ಲಿ ಕೇಳಿದಳು. ತಾಯಿ ಏನೋ ಪಿಸುಗುಟ್ಟಿದ್ದು ಪಕ್ಕದಲ್ಲಿದ್ದ ನನಗೂ ಕೇಳಲಿಲ್ಲ. ಆದರೆ ಗೋಡೆಯ ಯಂತ್ರ ಪಿಸುಮಾತನ್ನೂ ಬಿಡುವುದಿಲ್ಲ. ಎಲ್ಲರೂ ನೋಡುತ್ತಿದ್ದ ಹಾಗೆ ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬಂದವು.

“ಸುಮ್ಕಿರ ಮಳ್ಳಿ. ಬ್ಯಾಡ ಅಂದ್ರೆ ಕೈಕಾಲು ಕಟ್ಟಿ ಸೂಜಿ ಚುಚ್ತಾರೆ. ಪಕ್ಕದ ಮಂಚದ ಗುರುಸಿದ್ದವ್ವ ಬ್ಯಾಡ ಬ್ಯಾಡ ಅಂತಾನೇ ಹೋದ್ಲು. ಬಟ್ಟೆ ಸುತ್ತಿ ಹೊತ್ಕೊಂಡ್ ಹೋದ್ರು. ನಾನು ಬ್ಯಾಡ ಅನ್ನಂಗಿಲ್ಲ.”

ಹಾಲಮ್ಮನಿಗೆ ಓದಲು ಬರುವುದಿಲ್ಲ. ಎಲ್ಲರೂ ಗೋಡೆಯನ್ನು ಯಾಕೆ ನೋಡುತ್ತಿದ್ದಾರೆ ಎಂದು ಅವಳಿಗೆ ತಿಳಿಯದೆ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೀರು ಕುಡಿಯುತ್ತಿದ್ದಳು. ಅಂಗಿಯ ತೋಳು ಜಾರಿತು. ಎರಡೂ ಮಣಿಕಟ್ಟಿನ ಸುತ್ತ ಚರ್ಮ ಕಿತ್ತು ಕಪ್ಪುಗಟ್ಟಿದ ಉಂಗುರವಿತ್ತು. ಕೆಲವು ಕಡೆ ಇನ್ನೂ ಹಸಿಯಾಗಿತ್ತು.

ಅಧ್ಯಕ್ಷರು ಜಗಲಿ ಇಳಿದು ಬಂದು ಆ ಕೈಗಳನ್ನು ಹತ್ತಿರದಿಂದ ನೋಡಿದರು. ನಿಂತಲ್ಲಿಂದಲೇ ಆಜ್ಞೆ ಬರೆಸಿದರು: ಈ ಹೆಂಗಸನ್ನು ಈ ಗಳಿಗೆಯಿಂದ ಬಿಡುಗಡೆ ಮಾಡಿದೆ, ಶಸ್ತ್ರಚಿಕಿತ್ಸೆ ರದ್ದು, ಕಟ್ಟಿಹಾಕಿದವರ ಮೇಲೆ ಪೊಲೀಸರು ಪ್ರಕರಣ ದಾಖಲಿಸಬೇಕು, ಪರಿಹಾರ ಕೇಳುವ ಹಕ್ಕು ಇವಳಿಗಿದೆ, ಅದಕ್ಕೆ ಪ್ರತಿಮನದ ಒಪ್ಪಿಗೆ ಬೇಕಿಲ್ಲ. ಗಂಗೋತ್ರಿ ತಾಯಿಯ ಭುಜಕ್ಕೆ ಮುಖವಿಟ್ಟು ಬಿಕ್ಕಿದಳು. ನಾನು ಗೆದ್ದಿದ್ದೆ. ಸಂತೋಷ ಮಾತ್ರ ಬರಲಿಲ್ಲ, ಕಣ್ಣು ಗೋಡೆಯ ಮೇಲಿನ ಆ ಇನ್ನೊಂದು ಹೆಸರಿನ ಮೇಲೆಯೇ ಇತ್ತು.

ಅಧ್ಯಕ್ಷರೂ ಅದನ್ನೇ ನೋಡುತ್ತಿದ್ದರು. ಗುರುಸಿದ್ದವ್ವ ಯಾರು ಎಂದು ಕೇಳಿದರು.

ಮುರಿಗೇಂದ್ರರ ಪಕ್ಕ ಕೂತಿದ್ದ ಆಸ್ಪತ್ರೆಯ ಮುಖ್ಯ ವೈದ್ಯರು ಎದ್ದು ನಿಂತರು. ಆ ಹೆಸರಿನ ರೋಗಿ ವಾರ್ಡಿನಲ್ಲೇ ಇದ್ದಾರೆ, ಹಿಂದೆ ಮುಂದೆ ಯಾರೂ ಇಲ್ಲದವರು, ಹಾಲಮ್ಮನಿಗೆ ಭ್ರಮೆಯಾಗಿರಬೇಕು ಎಂದರು. ಇವತ್ತು ಬೆಳಿಗ್ಗೆಯೂ ಆಕೆ ಚಿಕಿತ್ಸೆ ಮುಂದುವರಿಸಲು ಒಪ್ಪಿಗೆ ಕೊಟ್ಟಿದ್ದಾರೆ, ದಾಖಲೆ ನೋಡಬಹುದು ಎಂದೂ ಹೇಳಿದರು. ಅಧ್ಯಕ್ಷರು ಬಾಗಿಲಲ್ಲಿದ್ದ ಸಬ್‌ಇನ್‌ಸ್ಪೆಕ್ಟರಿಗೆ, ಆಸ್ಪತ್ರೆಗೆ ಜನ ಕಳಿಸಿ ಆ ಮಂಚ ನೋಡಿಸಿ ಎಂದರು. ನಾವೆಲ್ಲ ಕಾದೆವು. ಹಾಲಮ್ಮ ಮಗಳ ತಲೆಗೂದಲಿನಲ್ಲಿ ಸಿಕ್ಕು ಬಿಡಿಸುತ್ತ ಕೂತಿದ್ದಳು. ಬಹಳ ಹೊತ್ತಿನ ಮೇಲೆ ಫೋನು ಬಂತು. ಮಂಚದಲ್ಲಿ ಬೇರೆ ಯಾರೋ ಹುಡುಗಿ ಮಲಗಿದ್ದಾಳೆ, ಆಸ್ಪತ್ರೆಯಲ್ಲೆಲ್ಲೂ ಗುರುಸಿದ್ದವ್ವ ಎಂಬುವರು ಇಲ್ಲ, ನೀರಿನ ಟ್ಯಾಂಕಿನ ಹಿಂದೆ ಹೊಸದಾಗಿ ಅಗೆದ ಮಣ್ಣಿದೆ ಎಂದು ಸಬ್‌ಇನ್‌ಸ್ಪೆಕ್ಟರು ಹೇಳಿದರು. ಮುಖ್ಯ ವೈದ್ಯರು ಕುರ್ಚಿಯ ಕೈ ಹಿಡಿದುಕೊಂಡು ಕೂತುಬಿಟ್ಟರು. ಮುರಿಗೇಂದ್ರ ಆ ವೈದ್ಯರಿಂದ ಒಂದು ಕುರ್ಚಿ ಆಚೆ ಸರಿದರು.

ಅಧ್ಯಕ್ಷರು ಇಮ್ತಿಯಾಜನ ಕಡೆ ತಿರುಗಿದರು. ಬೆಳಿಗ್ಗೆ ಒಪ್ಪಿಗೆ ಕೊಟ್ಟವರು ಯಾರು, ತೋರಿಸು ಎಂದರು. ಅವನು ಆ ಹೆಸರನ್ನು ಯಂತ್ರಕ್ಕೆ ಕೊಟ್ಟ.

ಪರದೆಯ ಮೇಲೆ ಒಬ್ಬ ಮುದುಕಿ ಬಂದಳು. ಬೊಚ್ಚು ಬಾಯಿ, ಕಿವಿಯಲ್ಲಿ ಹಿತ್ತಾಳೆಯ ಬುಗುಡಿ. ದೊಡ್ಡ ಮನುಷ್ಯರನ್ನು ಕಂಡು ಕೈಮುಗಿದಳು. ಅಧ್ಯಕ್ಷರು, ಕೋರ್ಟಿನ ದನಿ ಮರೆತು, ಎಲ್ಲಿದ್ದೀರಮ್ಮ ಎಂದು ಕೇಳಿದರು.

“ಇಲ್ಲೇ ಅದೀನ್ರಿ ಯಪ್ಪ. ನೀವು ಎಲ್ಲಿ ಇರು ಅಂತೀರೋ ಅಲ್ಲಿ ಇರ್ತೀನಿ.”

ಮರಣದ ವರದಿ ಬರುವ ತನಕ ನಡೆಯುತ್ತಿರುತ್ತದೆ ಎಂದು ಇಮ್ತಿಯಾಜ್ ಅಂದಿದ್ದು ಈಗ ನೆನಪಾಯಿತು. ಸತ್ತವಳನ್ನು ದಿನಾ ಬೆಳಿಗ್ಗೆ ಕರೆದು, ಸೂಜಿ ಕೊಡಲೇ ಎಂದು ಕೇಳಿ, ಅವಳಿಂದ ಹೂಂ ಅನ್ನಿಸಿಕೊಂಡಿದ್ದಾರೆ. ಯಾರಿಗೂ ಅವಳು ಬೇಕಿರಲಿಲ್ಲ, ಅವಳ ಹೂಂ ಸಾಕಾಗಿತ್ತು. ಅಧ್ಯಕ್ಷರು ಇನ್ನೊಂದು ಪ್ರಶ್ನೆ ಕೇಳಿದರು. ಏನು ಕೇಳಬೇಕೆಂದು ಅವರಿಗೇ ತಿಳಿದಿರಲಿಲ್ಲವೇನೋ, ಊಟ ಆಯಿತೇ ಎಂದರು. ಆತ್ರಿ ಎಂದಿತು. ನಿಮ್ಮನ್ನು ಯಾರಾದರೂ ಹೊಡೆದರೇ ಎಂದರು. ಇಲ್ರಿ, ದೊಡ್ಡೋರು ಅವರು, ಒಳ್ಳೇದಕ್ಕೇ ಮಾಡ್ತಾರೆ ಎಂದಿತು. ಅವರು ಮತ್ತೂ ಏನೋ ಕೇಳಲು ಬಾಯಿ ತೆರೆದರು.

ಹಾಲಮ್ಮ ಎದ್ದು ನಿಂತಳು. ಗಂಗೋತ್ರಿ ತಡೆಯಲು ಹೋದಳು, ಅವಳು ಕೈ ಕೊಡವಿದಳು. ಮಂಡಳಿಯ ಜಗಲಿಯನ್ನು ಯಾರ ಅಪ್ಪಣೆಯೂ ಇಲ್ಲದೆ ಹತ್ತಿ, ಕುರ್ಚಿಗಳನ್ನು ದಾಟಿ, ಪರದೆಯ ಹತ್ತಿರ ಹೋದಳು. ಗುರುಸಿದ್ದವ್ವನ ಮುಖವನ್ನು ಒಂದು ಗಳಿಗೆ ನೋಡಿದಳು. ಹೆಗಲ ಮೇಲಿದ್ದ ಸೀರೆಯ ತುಂಡನ್ನು ತೆಗೆದು ಆ ಮುಖದ ಮೇಲೆ ಹೊದಿಸಿದಳು. ಅದು ಜಾರುತ್ತಿತ್ತು, ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡೇ ಅಧ್ಯಕ್ಷರ ಕಡೆ ತಿರುಗಿದಳು.

“ಬ್ಯಾಡ್ರಿ” ಎಂದಳು. “ಸಾಕು. ಇನ್ನ ಆಕೀನ ಏನೂ ಕೇಳಬ್ಯಾಡ್ರಿ.”